ಮುನ್ಸೂಚನೆ ಮತ್ತು ಅತಿಮಾನುಷ: ಕನ್ನಡ ದುರಂತ ರಂಗಭೂಮಿಯ ಒಂದು ಚಾರಿತ್ರಿಕ ಅವಲೋಕನ (ಭೀಮಾತೀರದ ಆಟಗಳ ಹಿನ್ನೆಲೆಯಲ್ಲಿ)

ದುರಂತ ನಾಟಕದಲ್ಲಿ ಅತಿಮಾನುಷ ಶಕ್ತಿಗಳು ಕಾಣಿಸಿಕೊಳ್ಳುವ ಸನ್ನಿವೇಶಗಳು ರಂಗಭೂಮಿಗೆ ಯಾವ ಕಾಲದಲ್ಲಿಯೂ ಕಠಿಣ ಪರೀಕ್ಷೆಯಾಗಿವೆ. ಸತ್ತ ಅರಸನ ಪ್ರೇತ ಎದ್ದು ಬಂದು ಮಾತನಾಡುವುದು, ಕೊಟ್ಟ ಶಾಪ ಫಲಿಸುವುದು, ಸಾಯುವವನ ಕಣ್ಣಿಗೆ ಮೇಲುಲೋಕದ ರಥ ಇಳಿದು ಬರುವುದು ಮುಂತಾದವು ಓದಿನಲ್ಲಿ ಸುಲಭವಾಗಿ ದಾಟಿಹೋಗುವ ಸಂಗತಿಗಳು. ರಂಗದ ಮೇಲಾದರೋ ನಟನ ಮೈ, ಬಣ್ಣ, ಬಟ್ಟೆ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಆದ್ದರಿಂದ ಪ್ರೇಕ್ಷಕರು ನಡುಗಬೇಕಾದ ಕಡೆಯಲ್ಲಿ ನಕ್ಕುಬಿಡುವ ಅಪಾಯ ಸದಾ ಉಂಟು.

ಈ ಅಪಾಯವನ್ನು ನಮ್ಮ ಜನಪದ ರಂಗಭೂಮಿ ಹೇಗೆ ದಾಟಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಹಳ್ಳಿಯ ಪ್ರೇಕ್ಷಕರು ದೇವರು, ದೆವ್ವ, ಶಕುನಗಳನ್ನು ಮೊದಲೇ ನಂಬಿದವರು, ಆದ್ದರಿಂದ ರಂಗದ ಮೇಲೆ ಕಂಡುದನ್ನೂ ನಂಬುತ್ತಾರೆ. ಈ ಉತ್ತರ ಸರಳವಾಗಿದೆ, ಸಾಲದಾಗಿಯೂ ಇದೆ. ಏಕೆಂದರೆ ಅದೇ ಪ್ರೇಕ್ಷಕರು ಸಿದ್ಧತೆಯಿಲ್ಲದೆ ಬಂದ ದೆವ್ವವನ್ನು ಕಂಡು ಗೇಲಿಮಾಡುತ್ತಾರೆ. ನಂಬಿಕೆಯನ್ನು ಪ್ರೇಕ್ಷಕರು ಮನೆಯಿಂದ ಹೊತ್ತು ತರುವುದಿಲ್ಲ. ಆಟ ಅದನ್ನು ಹಂತಹಂತವಾಗಿ ಕಟ್ಟಿಕೊಡುತ್ತದೆ. ಹೀಗೆ ಕಟ್ಟುವ ಮುಖ್ಯ ಸಾಧನವೇ ಮುನ್ಸೂಚನೆ. ಮುಂದೆ ಆಗಲಿರುವುದನ್ನು ಮೊದಲೇ ಅರೆಬರೆಯಾಗಿ ನುಡಿದು ಪ್ರೇಕ್ಷಕರ ಮನಸ್ಸಿನಲ್ಲಿ ಒಂದು ಋಣವನ್ನು ನಿರ್ಮಿಸುವುದು, ತಕ್ಕ ಹೊತ್ತಿನಲ್ಲಿ ಆ ಋಣವನ್ನು ತೀರಿಸುವುದು ಇದರ ಕ್ರಮ. ಅತಿಮಾನುಷವು ಬೆರಗಾಗಿ ಬಂದರೆ ಅಪಹಾಸ್ಯಕ್ಕೆ ಗುರಿಯಾಗುತ್ತದೆ. ಬಾಕಿಯ ಸಂದಾಯವಾಗಿ ಬಂದರೆ ನಂಬಿಕೆಗೆ ಅರ್ಹವಾಗುತ್ತದೆ. ಈ ವಿಚಾರವನ್ನು ಸಂಸ್ಕೃತ ಮತ್ತು ಹಳಗನ್ನಡದ ನಿದರ್ಶನಗಳಿಂದ ಮೊದಲ್ಗೊಂಡು ದೊಡ್ಡಾಟ, 20ನೆಯ ಶತಮಾನದ ರುದ್ರನಾಟಕ, ಕಂಪನಿ ನಾಟಕ ಹಾಗೂ ಆಧುನಿಕ ನಾಟಕಗಳವರೆಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಭೀಮಾತೀರದ ನಂಬಿಕೆಯ ಲೋಕ

ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ಹಾಗೂ ಆಳಂದ ಸೀಮೆಗಳು ಜನಪದ ಧರ್ಮ ಮತ್ತು ಜನಪದ ರಂಗಭೂಮಿ ಎರಡೂ ಒಟ್ಟಿಗೆ ಬೆಳೆದ ನೆಲ. ಭೀಮಾ ನದಿಗೆ ಕಟ್ಟಿದ ಬ್ಯಾರೇಜಿನಿಂದಾಗಿ ಇಂದು ಸೊನ್ನದ ಹೆಸರು ಹೊರಗಿನವರಿಗೆ ನೀರಾವರಿಯ ಜೊತೆಗೆ ಪರಿಚಿತವಾಗಿದೆ. ಆದರೆ ಸೊನ್ನದ ಸುತ್ತಣ ನದೀತೀರದ ಸಾಂಸ್ಕೃತಿಕ ಚಿತ್ರ ಇನ್ನೂ ಹಳೆಯದು. ಅಫಜಲಪುರ ತಾಲೂಕಿನಲ್ಲಿಯೇ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ದೇವಲ ಗಾಣಗಾಪುರದ ದತ್ತ ಕ್ಷೇತ್ರವಿದೆ. ಘತ್ತರಗಿಯ ಭಾಗ್ಯವಂತಿಯ ಗುಡಿ ಭೀಮೆಯ ದಂಡೆಯಲ್ಲಿದೆ. ಆಳಂದದಲ್ಲಿ ಲಾಡ್ಲೆ ಮಶಾಕ ದರ್ಗಾ ಇದೆ. ಜೇವರ್ಗಿ ಸೀಮೆ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳ ನೆಲ. ನೆರೆಯ ಯಾದಗಿರಿ ಜಿಲ್ಲೆಯ ಕೊಡೇಕಲ್ಲು ಬಸವಣ್ಣನ ಕಾಲಜ್ಞಾನಕ್ಕೆ ಹೆಸರಾಗಿದೆ.

ಗಾಣಗಾಪುರಕ್ಕೆ ಗಾಳಿ ಹಿಡಿದವರು, ಮೈಮೇಲೆ ಬರುವವರು ಬಿಡುಗಡೆಯನ್ನು ಬಯಸಿ ಬರುವುದು ಬಹುಕಾಲದಿಂದ ನಡೆದು ಬಂದ ವಾಡಿಕೆ. ಅಲ್ಲಿಯೂ ಒಂದು ಕ್ರಮವಿರುವುದು ಗಮನಾರ್ಹ. ಹರಕೆ, ಸಂಗಮದ ಸ್ನಾನ, ಸೇವೆ, ಮಂಗಳಾರತಿಗಾಗಿ ಕಾಯುವಿಕೆ ಇವೆಲ್ಲ ಮುಗಿದ ಮೇಲೆಯೇ ನಿರೀಕ್ಷಿತ ಘಳಿಗೆ. ಆಚರಣೆಯಲ್ಲಿಯೂ ಅತಿಮಾನುಷವು ಹಠಾತ್ತಾಗಿ ಎರಗುವುದಿಲ್ಲ. ಕಾಯುವಿಕೆ ಅದಕ್ಕೆ ಸ್ಥಳವನ್ನು ಸಿದ್ಧಗೊಳಿಸುತ್ತದೆ.

ಇದೇ ಮಾತು ಭವಿಷ್ಯನುಡಿಯ ಜನಪದ ರೂಪಗಳಿಗೂ ಅನ್ವಯಿಸುತ್ತದೆ. ಬುಡಬುಡಿಕೆಯವರ ಹಾಲಕ್ಕಿ ಶಕುನ, ಕೊರವಂಜಿಯ ಕಣಿ, ಹಲ್ಲಿಯ ಲೊಚಗುಟ್ಟುವಿಕೆ, ಗೂಗಿಯ ಕೂಗು ಇವು ದಿನಬಳಕೆಯ ಸೂಚನೆಗಳು. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ಒಂದು ಕಿರುವಾಕ್ಯ. ಅದರ ಅರ್ಥ ಅಂದೇ ತೀರ್ಮಾನವಾಗುವುದಿಲ್ಲ. ಮಳೆಗೋ ಬೆಳೆಗೋ ರಾಜಕಾರಣಕ್ಕೋ ಜನರು ಅದನ್ನು ವರ್ಷವಿಡೀ ಅನ್ವಯಿಸಿ ನೋಡುತ್ತಾರೆ; ಘಟನೆ ನಡೆದ ಬಳಿಕ ನುಡಿ ಸ್ಪಷ್ಟವಾಯಿತೆನ್ನುತ್ತಾರೆ. ಕಾಲಜ್ಞಾನದ ನುಡಿಗಳ ಬಳಕೆಯೂ ಹೀಗೆಯೇ. ನುಡಿ ಮೊದಲು, ಅರ್ಥ ಆಮೇಲೆ ಎಂಬ ಈ ರೂಢಿಯೇ ನಾಟಕದ ಮುನ್ಸೂಚನೆಯ ತಳಪಾಯ. ಪ್ರೇಕ್ಷಕರು ರಂಗಕ್ಕೆ ತರುವುದು ದೆವ್ವದ ಮೇಲಣ ನಂಬಿಕೆಯನ್ನಲ್ಲ, ಒಗಟಾದ ನುಡಿಯನ್ನು ನೆನಪಿನಲ್ಲಿಟ್ಟುಕೊಂಡು ಕಾಯುವ ಅಭ್ಯಾಸವನ್ನು.

ಶಾಸ್ತ್ರ ಹೇಳುವುದೇನು

ಭಾರತೀಯ ನಾಟ್ಯಶಾಸ್ತ್ರ ಈ ತಂತ್ರವನ್ನು ಬಲ್ಲುದು. ಒಂದು ವಿಷಯವನ್ನು ಕುರಿತು ಮಾತು ನಡೆಯುತ್ತಿರುವಾಗ, ಅದಕ್ಕೆ ಸಂಬಂಧಿಸಿದ ಮತ್ತೊಂದು ಮುಂಬರುವ ವಿಷಯ ಅನಿರೀಕ್ಷಿತವಾಗಿ ಸೂಚಿತವಾಗುವುದನ್ನು ಭರತನು ಪತಾಕಾಸ್ಥಾನಕ ಎಂದು ಕರೆದು ನಾಲ್ಕು ಬಗೆಗಳನ್ನು ಹೇಳುತ್ತಾನೆ. ಮಾತಿನ ಮೂಲಕ ಮುಂಬರುವುದು ಸೂಚಿತವಾಗುವುದಕ್ಕೆ ಭವಭೂತಿಯ ‘ಉತ್ತರರಾಮಚರಿತ’ದಲ್ಲಿ ಪ್ರಸಿದ್ಧ ನಿದರ್ಶನವೊಂದಿದೆ. ಸೀತೆಯದೆಲ್ಲವೂ ತನಗೆ ಪ್ರಿಯವೇ, ಸಹಿಸಲಾಗದುದು ಅವಳ ವಿರಹವೊಂದೇ ಎಂದು ರಾಮನು ನುಡಿಯುತ್ತಿದ್ದಂತೆಯೇ ದ್ವಾರಪಾಲಿಕೆ ಪ್ರವೇಶಿಸಿ, ಬಂದಾಯಿತು ಎಂದು ಬಿನ್ನವಿಸುತ್ತಾಳೆ. ಅವಳು ಹೇಳಿದ್ದು ಗೂಢಚಾರನ ಆಗಮನವನ್ನು. ಪ್ರೇಕ್ಷಕರಿಗೆ ಕೇಳಿಸಿದ್ದು ವಿರಹದ ಆಗಮನ.

ಇದೇ ನಾಟಕ ಅತಿಮಾನುಷ ಸನ್ನಿವೇಶಕ್ಕೂ ಹಾದಿಮಾಡುತ್ತದೆ. ಮೂರನೆಯ ಅಂಕದಲ್ಲಿ ಸೀತೆ ಭಾಗೀರಥಿಯ ಪ್ರಭಾವದಿಂದ ಯಾರ ಕಣ್ಣಿಗೂ ಕಾಣದಂತೆ ರಾಮನ ಬಳಿ ಸುಳಿಯುತ್ತಾಳೆ. ಇದು ರಂಗದ ಮೇಲೆ ಒಪ್ಪಿಸಲು ಕಷ್ಟವಾದ ಸಂಗತಿ. ಆದರೆ ಮೊದಲನೆಯ ಅಂಕದಲ್ಲಿಯೇ ಚಿತ್ರಗಳನ್ನು ನೋಡುತ್ತ ರಾಮನು ಗಂಗೆಯನ್ನು ಉದ್ದೇಶಿಸಿ ಸೊಸೆಯಾದ ಸೀತೆಯ ಹಿತವನ್ನು ನೆನೆಯುತ್ತಿರು ಎಂದು ಬೇಡಿಕೊಂಡಿರುತ್ತಾನೆ. ಆಗ ಅದು ಸಾಂಪ್ರದಾಯಿಕ ಪ್ರಾರ್ಥನೆಯಂತೆ ತೋರುತ್ತದೆ. ಮೂರನೆಯ ಅಂಕದಲ್ಲಿ ಆ ಪ್ರಾರ್ಥನೆಗೆ ಉತ್ತರ ಬಂದಿದೆ ಎಂಬುದು ತಿಳಿದಾಗ ಅದೃಶ್ಯಳಾದ ಸೀತೆ ಕವಿಯ ಯುಕ್ತಿಯಾಗಿ ಉಳಿಯದೆ ಕಥೆಯ ನ್ಯಾಯವಾಗುತ್ತಾಳೆ.

ಗ್ರೀಸಿನಲ್ಲಿ ಅರಿಸ್ಟಾಟಲನ ವಿಚಾರ ಇದಕ್ಕೆ ಹತ್ತಿರವಾಗಿದೆ. ನಂಬಲಾಗದ ಸಾಧ್ಯತೆಗಿಂತ ನಂಬಬಹುದಾದ ಅಸಾಧ್ಯತೆ ಮೇಲು ಎಂಬುದು ಅವನ ಅಭಿಪ್ರಾಯ. ಅರ್ಗೋಸ್ ನಗರದಲ್ಲಿ ಮಿಟಿಸ್ ಎಂಬವನ ಪ್ರತಿಮೆ ಅವನನ್ನು ಕೊಂದವನ ಮೇಲೆಯೇ ಬಿದ್ದು ಅವನನ್ನು ಕೊಂದ ಪ್ರಸಂಗವನ್ನು ಅವನು ‘ಕಾವ್ಯಮೀಮಾಂಸೆ’ಯಲ್ಲಿ ನೆನೆಯುತ್ತಾನೆ. ಕಲ್ಲು ಬೀಳುವುದು ಆಕಸ್ಮಿಕ. ಯಾರ ಕಲ್ಲು, ಯಾರ ಮೇಲೆ ಎಂಬುದು ಮೊದಲೇ ಗೊತ್ತಿದ್ದರೆ ಆಕಸ್ಮಿಕವೇ ವಿಧಿಯಂತೆ ಕಾಣುತ್ತದೆ. ಮುನ್ಸೂಚನೆಯ ಕೆಲಸವೂ ಇದೇ.

ಕುರುಕ್ಷೇತ್ರದ ಕೊನೆಯ ದಿನ: ಭಾಸ ಮತ್ತು ರನ್ನ

ಕನ್ನಡ ನಾಡಿನ ದುರಂತ ಕಲ್ಪನೆಗೆ ಮಹಾಭಾರತ ಯುದ್ಧದ ಕೊನೆಯ ಹಗಲು ಮತ್ತು ಅದರ ಮರುರಾತ್ರಿ ಮೂಲದ್ರವ್ಯವನ್ನು ಒದಗಿಸಿವೆ. ಭಾಸನದೆಂದು ಹೇಳಲಾಗುವ, 1910ರ ದಶಕದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ ಪ್ರಕಟಿಸಿದ ನಾಟಕಗಳಲ್ಲಿ ‘ಊರುಭಂಗ’ವು ನಾಯಕನ ಸಾವನ್ನು ರಂಗದ ಮೇಲೆಯೇ ತೋರುವ ಅಪರೂಪದ ಕೃತಿ. ಅದರ ಕೊನೆಯಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನಿಗೆ ಹಿರಿಯರು, ನೂರು ತಮ್ಮಂದಿರು, ಅಪ್ಸರೆಯರು, ಹಂಸಗಳನ್ನು ಹೂಡಿದ ವಿಮಾನ ಕಾಣಿಸುತ್ತವೆ.

ಈ ದರ್ಶನವು ಒಮ್ಮೆಗೇ ಬರುವುದಿಲ್ಲ. ನಾಟಕದ ಆರಂಭದ ವಿಷ್ಕಂಭಕದಲ್ಲಿ ಮೂವರು ಭಟರು ರಣರಂಗವನ್ನು ವರ್ಣಿಸುತ್ತ ಅದನ್ನು ಅಪ್ಸರೆಯರ ಸ್ವಯಂವರ ಮಂಟಪವೆಂದೂ ಅರಸರು ಆಕಾಶಕ್ಕೇರುವ ಸೇತುವೆಯೆಂದೂ ಬಣ್ಣಿಸಿರುತ್ತಾರೆ. ಅಲ್ಲಿ ಅದು ಅಲಂಕಾರ ಮಾತ್ರ. ನಡುವೆ ಎಳೆಯ ಮಗ ದುರ್ಜಯನು ತಂದೆಯನ್ನು ಎಲ್ಲಿಗೆ ಹೋಗುವೆ ಎಂದು ಕೇಳುತ್ತಾನೆ. ನೂರು ತಮ್ಮಂದಿರ ಹಿಂದೆ ಎಂಬ ಉತ್ತರ ಬಂದಾಗ ತನ್ನನ್ನೂ ಅಲ್ಲಿಗೆ ಕರೆದೊಯ್ಯಲು ಹಟಹಿಡಿಯುತ್ತಾನೆ. ಮಗುವಿಗೆ ಅದು ಒಂದು ಊರು, ತಂದೆಗೆ ಸಾವು. ಕೊನೆಯಲ್ಲಿ ತಮ್ಮಂದಿರು, ಅಪ್ಸರೆಯರು, ಆಕಾಶದ ಹಾದಿ ಮೂರೂ ಕಾಣಿಸಿಕೊಂಡಾಗ ಮೊದಲಿನ ಅಲಂಕಾರ ವಾಸ್ತವವಾಗುತ್ತದೆ. ಮಗುವಿನ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತದೆ. ಬಣ್ಣನೆಯಾಗಿ ಬಂದುದು ಘಟನೆಯಾಗಿ ಮರಳುವ ಈ ಬಗೆ ಮುನ್ಸೂಚನೆಯ ಅತ್ಯಂತ ಸೂಕ್ಷ್ಮ ರೂಪ.

ಕನ್ನಡದಲ್ಲಿ ರನ್ನನ ‘ಗದಾಯುದ್ಧ’ (10ನೆಯ ಶತಮಾನದ ಕೊನೆ) ನಾಟಕೀಯತೆಗೆ ಹೆಸರಾದ ಕಾವ್ಯ. ದುರ್ಯೋಧನನು ವೈಶಂಪಾಯನ ಸರೋವರದ ನೀರಿನಲ್ಲಿ ಮುಳುಗಿ ಉಸಿರು ಹಿಡಿದು ಕುಳಿತಿರುವುದು ಅಲ್ಲಿಯ ಅತಿಮಾನುಷ ಸಂಗತಿ. ಆ ಸರೋವರವನ್ನು ತಲುಪುವ ಮೊದಲು ಅವನು ಸಂಜಯನೊಡನೆ ಹೆಣಗಳ ನಡುವೆ, ಮರುಳುಗಳ ಕುಣಿದಾಟದ ನಡುವೆ ನಡೆದು ಬರುತ್ತಾನೆ. ಗುರು, ತಮ್ಮ, ಮಗ, ಗೆಳೆಯರ ಶವಗಳನ್ನು ಕಾಣುತ್ತಾನೆ. ಶರಶಯ್ಯೆಯ ಭೀಷ್ಮನಿಂದ ಜಲಮಂತ್ರವನ್ನು ಪಡೆಯುತ್ತಾನೆ. ಸತ್ತವರ ಲೋಕದ ಅಂಚಿನಲ್ಲಿ ಇಷ್ಟು ದೂರ ನಡೆದವನು ನೀರೊಳಗೆ ಇಳಿದಾಗ ಓದುಗರಿಗೆ ಅದು ಅಸಾಧ್ಯವೆನಿಸುವುದಿಲ್ಲ. ಮಂತ್ರವನ್ನು ಕೊಟ್ಟವನು ಸಾವನ್ನು ತಡೆಹಿಡಿದು ಮಲಗಿರುವ ಭೀಷ್ಮ ಎಂಬುದೂ ಮುಖ್ಯ. ಈ ಕಾವ್ಯದಿಂದಲೇ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ರೂಪಿಸಿದರು.

ಗೂಗಿಯ ಪಾಠ: ಸೌಪ್ತಿಕದ ಇರುಳು

ಊರುಭಂಗದ ಮರುರಾತ್ರಿಯ ಕಥೆ ವ್ಯಾಸಭಾರತದ ಸೌಪ್ತಿಕಪರ್ವದಲ್ಲಿದೆ. ಆಲದ ಮರದಡಿ ನಿದ್ದೆ ಬಾರದೆ ಕುಳಿತ ಅಶ್ವತ್ಥಾಮನು, ಮಲಗಿದ ಕಾಗೆಗಳನ್ನು ಗೂಗಿಯೊಂದು ಸದ್ದಿಲ್ಲದೆ ಕೊಲ್ಲುವುದನ್ನು ನೋಡುತ್ತಾನೆ. ಇದು ಯಾವ ಹೊಲದ ಮರದಲ್ಲಿಯೂ ನಡೆಯಬಹುದಾದ ಸಂಗತಿ. ಅದರಿಂದ ಅವನಿಗೆ ಉಪಾಯ ಹೊಳೆಯುತ್ತದೆ. ಕೃಪಾಚಾರ್ಯನು ಧರ್ಮವನ್ನು ಹೇಳಿ ತಡೆಯುತ್ತಾನೆ. ಪಾಂಡವರ ಪಾಳೆಯದ ಬಾಗಿಲಲ್ಲಿ ಭಯಂಕರ ಆಕೃತಿಯೊಂದು ನಿಂತಿರುತ್ತದೆ. ಆಯುಧಗಳೆಲ್ಲ ಅದರಲ್ಲಿ ಅಡಗಿಹೋಗುತ್ತವೆ. ಅಶ್ವತ್ಥಾಮನು ತನ್ನನ್ನೇ ಆಹುತಿಯಾಗಿ ಅರ್ಪಿಸಿಕೊಂಡಾಗ ಶಿವನು ಅವನ ಮೈಯನ್ನು ಹೊಗುತ್ತಾನೆ.

ಇಲ್ಲಿಯ ಕ್ರಮ ಅಧ್ಯಯನಯೋಗ್ಯವಾಗಿದೆ. ಮೊದಲು ಲೌಕಿಕ ಶಕುನ, ಬಳಿಕ ಅದರ ಬಗ್ಗೆ ವಾದ, ಆಮೇಲೆ ಅರ್ಥವಾಗದ ಆಕೃತಿ, ಕೊನೆಗೆ ಆವೇಶ. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಒಂದಿಷ್ಟೇ ಮೇಲಿದೆ. ಕೊಲೆ ಆರಂಭವಾದಾಗ ಕವಿ ಇನ್ನೊಂದು ಸಂಗತಿಯನ್ನು ಬಯಲುಮಾಡುತ್ತಾನೆ: ಯುದ್ಧ ಮೊದಲಾದಂದಿನಿಂದಲೂ ಪಾಳೆಯದವರು ಇರುಳಿರುಳೂ ಕಾಳರಾತ್ರಿಯು ತಮ್ಮನ್ನು ಹಗ್ಗ ಕಟ್ಟಿ ಎಳೆದೊಯ್ಯುವ, ದ್ರೋಣನ ಮಗ ತಮ್ಮನ್ನು ಕೊಲ್ಲುವ ಕನಸನ್ನು ಕಾಣುತ್ತಿದ್ದರು, ಈಗ ಅವಳನ್ನು ಕಣ್ಣಾರೆ ಕಂಡರು. ಅಪರಿಚಿತ ದೇವತೆಯೊಬ್ಬಳು ಬಂದಳೆಂದರೆ ಸಂಶಯ ಹುಟ್ಟಬಹುದು. ಕನಸಿನಲ್ಲಿ ಹದಿನೆಂಟು ದಿನ ಪರಿಚಿತಳಾದವಳು ಬಂದಾಗ ಸಂಶಯಕ್ಕೆ ಎಡೆಯಿಲ್ಲ.

ದೊಡ್ಡಾಟದ ಕ್ರಮ

ಉತ್ತರ ಕರ್ನಾಟಕದ ದೊಡ್ಡಾಟ ಈ ಕಥೆಗಳನ್ನು ಇರುಳಿಡೀ ಆಡುತ್ತ ಬಂದಿದೆ. ಅದರ ಪ್ರದರ್ಶನ ಕ್ರಮದಲ್ಲಿಯೇ ಮುನ್ಸೂಚನೆಗೆ ಸ್ಥಾನವಿದೆ. ಗಣಪತಿ ಸ್ತುತಿಯ ಬಳಿಕ ಪಾತ್ರಗಳು ಬಂದಂತೆಲ್ಲ ಸಾರಥಿಯು ಎದುರಿಗೆ ನಿಂತು ಅವರ ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಾನೆ. ಪಾತ್ರಧಾರಿ ತನ್ನ ಪ್ರತಾಪವನ್ನೂ ಹೊತ್ತ ಶಾಪ, ಪಡೆದ ವರಗಳನ್ನೂ ಬಾಯಿತುಂಬ ಹೇಳಿಕೊಳ್ಳುತ್ತಾನೆ. ಸಾರಥಿ ಕೆಲವೊಮ್ಮೆ ಗೇಲಿಮಾಡುತ್ತಾನೆ, ಸಂಶಯಪಡುತ್ತಾನೆ, ತಿರುಗಿ ಕೇಳುತ್ತಾನೆ. ಹೊರನೋಟಕ್ಕೆ ಇದು ಪರಿಚಯ ಮತ್ತು ಹಾಸ್ಯ. ರಚನೆಯ ದೃಷ್ಟಿಯಿಂದ ಇದು ಠೇವಣಿ: ರಾತ್ರಿ ಹತ್ತಕ್ಕೆ ಹೇಳಿದ ಶಾಪ ಬೆಳಗಿನ ಜಾವಕ್ಕೆ ಫಲಿಸುತ್ತದೆ. ಪ್ರೇಕ್ಷಕರ ಪರವಾಗಿ ಸಾರಥಿ ಮೊದಲೇ ನಕ್ಕು, ಮೊದಲೇ ಅನುಮಾನಿಸಿ ಮುಗಿಸಿರುವುದರಿಂದ ಅತಿಮಾನುಷ ಘಳಿಗೆಯಲ್ಲಿ ನಗು ಉಳಿದಿರುವುದಿಲ್ಲ.

ಶಕುನಿಯ ದಾಳದ ಕಥೆ ಇದಕ್ಕೆ ಉತ್ತಮ ನಿದರ್ಶನ. ವ್ಯಾಸಭಾರತದಲ್ಲಿಲ್ಲದ, ಆದರೆ ಜನರ ಬಾಯಲ್ಲಿ ಬಲವಾಗಿ ಉಳಿದುಬಂದ ಈ ಕಥೆಯಂತೆ ಗಾಂಧಾರದ ಅರಸ ಸುಬಲ ಮತ್ತು ಅವನ ಮಕ್ಕಳನ್ನು ಕೌರವರು ಸೆರೆಯಲ್ಲಿಟ್ಟು ತಲೆಗೊಂದೇ ಅಗುಳನ್ನು ಕೊಡುತ್ತಾರೆ. ಎಲ್ಲರೂ ತಮ್ಮ ಪಾಲನ್ನು ಶಕುನಿಗೆ ಕೊಟ್ಟು ಸಾಯುತ್ತಾರೆ. ತನ್ನ ಎಲುಬಿನಿಂದ ದಾಳ ಮಾಡಿಕೋ, ನೀನು ಹೇಳಿದಂತೆ ಅದು ಬೀಳುತ್ತದೆ ಎಂದು ತಂದೆ ಹೇಳಿ ಕಣ್ಣುಮುಚ್ಚುತ್ತಾನೆ. ಮಾತು ಕೇಳುವ ದಾಳ ಅಸಾಧ್ಯವಾದ ವಸ್ತು. ಆದರೆ ಆ ಸೆರೆಮನೆಯ ಹಸಿವನ್ನು ಕೇಳಿದವರಿಗೆ, ಮಗನ ಮಾತನ್ನು ತಂದೆಯ ಎಲುಬು ಕೇಳದಿದ್ದರೆ ಆಗ ಅದು ಅಸಹಜವೆನಿಸುತ್ತದೆ. ಶಕುನ, ಶಕುನಿ ಎರಡು ಶಬ್ದಗಳಿಗೂ ಸಂಸ್ಕೃತದಲ್ಲಿ ಹಕ್ಕಿ ಎಂಬ ಅರ್ಥವಿರುವುದೂ ಇಲ್ಲಿ ನೆನೆಯತಕ್ಕದ್ದು.

ಈ ಸೀಮೆಯ ಮೊಹರಂ ಪದಗಳ ಹಿನ್ನೆಲೆಯಲ್ಲಿರುವ ಕರ್ಬಲದ ಕಥನ ಪರಂಪರೆಯಲ್ಲಿಯೂ ಇಂಥದೇ ಸಂಗತಿ ಇದೆ. ಪ್ರವಾದಿಗಳು ಉಮ್ಮು ಸಲಮಾ ಅವರಿಗೆ ಕರ್ಬಲದ ಮಣ್ಣನ್ನು ಕೊಟ್ಟು, ಅದು ರಕ್ತವಾದ ದಿನ ಹುಸೇನರು ಹತರಾದರೆಂದು ತಿಳಿ ಎಂದು ಹೇಳಿದ್ದರೆಂಬುದು ಅಲ್ಲಿಯ ಪ್ರಸಿದ್ಧ ಐತಿಹ್ಯ. ಮಣ್ಣು ಕೆಂಪಾಗುವುದು ಪವಾಡ. ವರ್ಷಗಟ್ಟಲೆ ಅದು ಮನೆಯಲ್ಲಿ ಸುಮ್ಮನೆ ಇದ್ದುದು ಆ ಪವಾಡದ ಸಿದ್ಧತೆ. ಧರ್ಮ ಬೇರೆಯಾದರೂ ಕಥನದ ನಡೆ ಒಂದೇ ಆಗಿರುವುದರಿಂದಲೇ ಒಂದೇ ಊರಿನ ಹಿಂದೂ ಮುಸಲ್ಮಾನರಿಬ್ಬರೂ ಎರಡೂ ಬಗೆಯ ಹಾಡುಗಳಿಗೆ ಕಣ್ಣೀರು ಹಾಕಬಲ್ಲರು.

ರುದ್ರನಾಟಕದ ಕನ್ನಡೀಕರಣ

19ನೆಯ ಶತಮಾನದ ಕೊನೆಯಿಂದ ಪಾಶ್ಚಾತ್ಯ ದುರಂತ ನಾಟಕಗಳು ಕನ್ನಡಕ್ಕೆ ಬರತೊಡಗಿದವು. ಎಂ.ಎಲ್. ಶ್ರೀಕಂಠೇಶಗೌಡರು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಧರಿಸಿ 1895ರಲ್ಲಿ ‘ಪ್ರತಾಪರುದ್ರದೇವ’ವನ್ನು ರಚಿಸಿದರು, ಡಿ.ವಿ. ಗುಂಡಪ್ಪನವರ ಅನುವಾದ 1936ರಲ್ಲಿ ಬಂದಿತು. ಮಾಟಗಾತಿಯರ ಭವಿಷ್ಯವಾಣಿಯೇ ಮೂಲ ನಾಟಕದ ಬೆನ್ನೆಲುಬು. ಕಾಡು ನಡೆದು ಬರುವವರೆಗೆ ನಾಯಕನಿಗೆ ಸೋಲಿಲ್ಲ ಎಂಬ ನುಡಿ ಅಭಯದಂತೆ ಕೇಳಿಸಿ ಕೊನೆಗೆ ಮರಣವಾರ್ತೆಯಾಗುತ್ತದೆ. ಕಾರಣಿಕದ ಒಗಟುನುಡಿಯನ್ನು ಬಲ್ಲ ಕನ್ನಡ ಪ್ರೇಕ್ಷಕರಿಗೆ ಇದು ಪರಕೀಯವೆನಿಸಬೇಕಾಗಿಲ್ಲ.

ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ‘ಏಜಾಕ್ಸ್’ ಮಾದರಿಯಲ್ಲಿ ‘ಅಶ್ವತ್ಥಾಮನ್’ (1929), ಈಸ್ಕಿಲಸನ ‘ಪರ್ಷಿಯನ್ಸ್’ ಆಧರಿಸಿ ‘ಪಾರಸಿಕರು’ (1935) ರಚಿಸಿದರು. ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಪ್ರಯೋಗಗೊಂಡ ಆ ಮೂಲ ನಾಟಕದಲ್ಲಿ ದೊರೆ ದರಾಯನ ಪ್ರೇತ ಗೋರಿಯಿಂದೆದ್ದು ಮಾತನಾಡುತ್ತದೆ. ಅದಕ್ಕೆ ಬಹು ಮೊದಲೇ ರಾಜಮಾತೆ ತನ್ನ ಕನಸನ್ನು ಹೇಳಿರುತ್ತಾಳೆ: ಮಗನು ತನ್ನ ರಥಕ್ಕೆ ಇಬ್ಬರು ಹೆಂಗಸರನ್ನು ಹೂಡುತ್ತಾನೆ, ಒಬ್ಬಳು ನೊಗವನ್ನು ಮುರಿಯುತ್ತಾಳೆ, ಮಗ ಬೀಳುತ್ತಾನೆ, ಸತ್ತ ತಂದೆ ದರಾಯನು ಪಕ್ಕದಲ್ಲಿ ನಿಂತು ಮರುಗುತ್ತಾನೆ. ಕನಸಿನ ಬೆನ್ನಿಗೆ ಹದ್ದನ್ನು ಡೇಗೆ ಕುಕ್ಕುವ ಅಪಶಕುನ, ಅದರ ಬೆನ್ನಿಗೆ ಸೋಲಿನ ಸುದ್ದಿ, ಅನಂತರ ಗೋರಿಯ ಬಳಿ ತರ್ಪಣ ಮತ್ತು ಕರೆ. ಪ್ರೇತ ಎದ್ದು ಬರುವ ಹೊತ್ತಿಗೆ ಪ್ರೇಕ್ಷಕರು ಅದನ್ನು ಕನಸಿನಲ್ಲಿ ಒಮ್ಮೆ ನೋಡಿಯಾಗಿರುತ್ತದೆ. ಸೌಪ್ತಿಕದ ಕಾಳರಾತ್ರಿಯೂ ಈ ನಾಟಕದ ದರಾಯನೂ ಒಂದೇ ದಾರಿಯಲ್ಲಿ ಬಂದವರು.

ಕುವೆಂಪು ಅವರು ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಇತಿಹಾಸಕ್ಕೆ ಒಗ್ಗಿಸಿ ‘ರಕ್ತಾಕ್ಷಿ’ (1932) ಬರೆದರು. ಮೂಲ ಇಂಗ್ಲಿಷ್ ನಾಟಕದಲ್ಲಿ ಪ್ರೇತವನ್ನು ಮೊದಲು ಕಾಣುವವರು ಕಾವಲುಗಾರರು, ಅನಂತರ ಅದನ್ನು ನಂಬದ ವಿದ್ಯಾವಂತ ಹೊರೇಷಿಯೊ, ಕೊನೆಯವನು ನಾಯಕ. ನಂಬದವನು ಕಂಡು ನಡುಗಿದ ಮೇಲೆ ಪ್ರೇಕ್ಷಕರಿಗೆ ಅನುಮಾನಿಸುವ ಹಂಗು ತಪ್ಪುತ್ತದೆ. ದೊಡ್ಡಾಟದಲ್ಲಿ ಸಾರಥಿ ಮಾಡುವ ಕೆಲಸವನ್ನೇ ಇಲ್ಲಿ ಹೊರೇಷಿಯೊ ಮಾಡುತ್ತಾನೆ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (1947) ನಾಟಕವಂತೂ ಶೀರ್ಷಿಕೆಯಲ್ಲಿಯೇ ಸೂಚನೆಯನ್ನು ಹುದುಗಿಸಿಕೊಂಡಿದೆ. ಏಕಲವ್ಯನ ಬೆರಳಿಗೆ ದ್ರೋಣನ ಕೊರಳು ಬೆಲೆಯಾಗಲಿ ಎಂಬ ತಾಯಿಯ ಶಾಪ ಕೊನೆಯಲ್ಲಿ ಬರುತ್ತದೆ. ಅದು ಫಲಿಸುವುದು ನಾಟಕದ ಆಚೆಗೆ, ಪ್ರೇಕ್ಷಕರು ಬಲ್ಲ ಕುರುಕ್ಷೇತ್ರದಲ್ಲಿ. ಹೀಗೆ ಮುಂದಿನ ಕಥೆಯನ್ನು ಬಲ್ಲ ಪ್ರೇಕ್ಷಕರ ಸ್ಮೃತಿಯೇ ಶಾಪಕ್ಕೆ ಸಾಕ್ಷಿಯಾಗುತ್ತದೆ.

ಕಂಪನಿ ನಾಟಕ: ಬೆರಗು ಮತ್ತು ಸಿದ್ಧತೆ

ಭೀಮಾ, ಕೃಷ್ಣಾ ತೀರಗಳ ಹಳ್ಳಿಗಳಿಗೆ ಪೌರಾಣಿಕ ದುರಂತವನ್ನು ಮುಟ್ಟಿಸಿದವರಲ್ಲಿ ಕಂದಗಲ್ ಹನುಮಂತರಾಯರು (1896–1966) ಮುಖ್ಯರು. ‘ಕರ್ನಾಟಕದ ಷೇಕ್ಸ್‌ಪಿಯರ್’ ಎಂದು ಕರೆಸಿಕೊಂಡ ಅವರ ಹೆಸರಿನ ರಂಗಮಂದಿರ ವಿಜಯಪುರದಲ್ಲಿದೆ. ಅವರ ‘ಕುರುಕ್ಷೇತ್ರ’, ‘ರಕ್ತರಾತ್ರಿ’ ನಾಟಕಗಳನ್ನು ಕಂಪನಿಗಳಷ್ಟೇ ಉತ್ಸಾಹದಿಂದ ಊರಿನ ಹವ್ಯಾಸಿ ತಂಡಗಳೂ ಆಡಿವೆ. ಸೌಪ್ತಿಕದ ಇರುಳನ್ನೇ ಕುರಿತ ‘ರಕ್ತರಾತ್ರಿ’ಯ ಹೆಸರು ಬಯಲಿನಲ್ಲಿ ಸಾರಿದೊಡನೆಯೇ ಕೊನೆ ಏನೆಂಬುದು ಊರಿಗೆಲ್ಲ ತಿಳಿದಿರುತ್ತದೆ. ಮುಂದೇನಾಗುವುದೆಂಬ ಕುತೂಹಲ ಅಲ್ಲಿಲ್ಲ. ಆಗಬಾರದುದು ಹೇಗೆ ಹತ್ತಿರ ಬರುತ್ತಿದೆ ಎಂಬ ಆತಂಕವಿದೆ. ದುರಂತಕ್ಕೆ ಬೇಕಾದುದು ಈ ಆತಂಕವೇ.

ಕಂಪನಿ ನಾಟಕಗಳ ಯುಗ ಇನ್ನೊಂದು ದಾರಿಯನ್ನೂ ತೆರೆಯಿತು. ಟ್ರಾನ್ಸ್‌ಫರ್ ಸೀನುಗಳು, ಬಣ್ಣದ ದೀಪ, ಹೊಗೆ, ರಂಗದ ಮೇಲೆ ಆನೆ ಕುದುರೆಗಳು ಪ್ರೇಕ್ಷಕರನ್ನು ಬೆರಗುಗೊಳಿಸಿದವು. ಈ ಸಾಧನೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಬೆರಗು ಬೇರೆ, ನಂಬಿಕೆ ಬೇರೆ. ಯಂತ್ರದ ಕೌಶಲಕ್ಕೆ ಚಪ್ಪಾಳೆ ಬರುತ್ತದೆ. ಚಪ್ಪಾಳೆ ಬಂದ ಘಳಿಗೆಯಲ್ಲಿ ಭಯವೂ ಕರುಣೆಯೂ ಹಿಂದೆ ಸರಿಯುತ್ತವೆ. ದೀಪವಾಗಲಿ ಹೊಗೆಯಾಗಲಿ ಮೊದಲೇ ಕೇಳಿದ ನುಡಿಗೆ ಉತ್ತರವಾಗಿ ಬಂದಾಗ ಮಾತ್ರ ದುರಂತಕ್ಕೆ ಒದಗುತ್ತದೆ.

ಆಧುನಿಕ ನಾಟಕದಲ್ಲಿ

ಗಿರೀಶ ಕಾರ್ನಾಡರು 1990ರ ದಶಕದಲ್ಲಿ ಬರೆದ ‘ಅಗ್ನಿ ಮತ್ತು ಮಳೆ’ ವೈಚಾರಿಕ ಕಾಲದ ಪ್ರೇಕ್ಷಕರೆದುರಿಗೆ ಬ್ರಹ್ಮರಾಕ್ಷಸನನ್ನು ನಿಲ್ಲಿಸಿದ ನಾಟಕ. ಮಹಾಭಾರತದ ಯವಕ್ರೀತನ ಕಥೆ ಇದರ ಆಕರ. ಮಳೆಗಾಗಿ ಏಳು ವರ್ಷ ನಡೆಯುವ ಯಜ್ಞದ ಹಿನ್ನೆಲೆಯಲ್ಲಿ ಬೇಟೆಗಾರ ಕುಲದ ಹುಡುಗಿ ನಿತ್ತಿಲೆ ಮೊದಲೇ ಪ್ರಶ್ನೆಗಳನ್ನೆತ್ತುತ್ತಾಳೆ: ಇಂದ್ರನನ್ನೇ ಕಂಡು ಬಂದ ತಪಸ್ವಿ ಮಳೆಯನ್ನೇಕೆ ಕೇಳಲಿಲ್ಲ? ಪ್ರೇಕ್ಷಕರ ಸಂದೇಹವನ್ನು ಅವಳು ತಾನೇ ಆಡಿಬಿಡುತ್ತಾಳೆ. ಅನಂತರ ರೈಭ್ಯನು ಕೂದಲನ್ನು ಅಗ್ನಿಗೆ ಹಾಕಿ ಬ್ರಹ್ಮರಾಕ್ಷಸನನ್ನು ಎಬ್ಬಿಸುತ್ತಾನೆ. ಆ ಹೊತ್ತಿಗೆ ಪ್ರಶ್ನೆ ಇಂಥ ಶಕ್ತಿ ಇದೆಯೋ ಇಲ್ಲವೋ ಎಂಬುದರಿಂದ ಸರಿದು, ಇದ್ದ ಶಕ್ತಿ ದ್ವೇಷಕ್ಕೇ ಏಕೆ ಬಳಕೆಯಾಗುತ್ತದೆ ಎಂಬುದಾಗಿ ಮಾರ್ಪಟ್ಟಿರುತ್ತದೆ. ಮುಖವಾಡ ಜೀವ ತಳೆದರೆ ತೊಟ್ಟವನನ್ನೇ ಆಳಬಲ್ಲುದು ಎಂದು ನಟಮೇಳದ ಯಜಮಾನ ಎಚ್ಚರಿಸುವುದೂ, ಮುಂದೆ ವೃತ್ರನ ಮುಖವಾಡ ಧರಿಸಿದ ಅರವಸು ಹತೋಟಿ ತಪ್ಪುವುದೂ ಇದೇ ಕ್ರಮದವು. ಬಯಲಾಟದ ವೇಷ ಮತ್ತು ಆವೇಶಗಳ ಹಳೆಯ ಅರಿವು ಇಲ್ಲಿ ಹೊಸ ನಾಟಕದ ಮುನ್ಸೂಚನೆಯಾಗಿದೆ.

ಕತ್ತರಿಗೆ ಸಿಕ್ಕ ಸೂಚನೆಗಳು

ಮೇಲಿನ ನಿದರ್ಶನಗಳಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಅತಿಮಾನುಷವು ಮೊದಲು ಮಾತು, ಕನಸು ಅಥವಾ ಅಲಂಕಾರವಾಗಿ ಸುಳಿದು ಆಮೇಲೆ ಮೈದಾಳುತ್ತದೆ. ಎರಡು, ರಂಗದ ಮೇಲೆಯೇ ಒಬ್ಬರು ಅದನ್ನು ಸಂಶಯಿಸುತ್ತಾರೆ ಇಲ್ಲವೆ ತಡೆಯುತ್ತಾರೆ. ಮೂರು, ಸೂಚನೆಗೂ ಘಟನೆಗೂ ನಡುವೆ ಮರೆಯುವಷ್ಟು ಅಲ್ಲದಿದ್ದರೂ ಕಾಯುವಷ್ಟು ಕಾಲದ ಅಂತರವಿರುತ್ತದೆ.

ಈ ಮೂರನೆಯ ಅಂಶವೇ ಇಂದು ಅಪಾಯಕ್ಕೆ ಸಿಲುಕಿದೆ. ಬೆಳತನಕ ನಡೆಯುತ್ತಿದ್ದ ಆಟಗಳನ್ನು ಉತ್ಸವ, ಸ್ಪರ್ಧೆ, ಸಮ್ಮೇಳನಗಳಿಗಾಗಿ ಒಂದೆರಡು ಗಂಟೆಗಳಿಗೆ ಇಳಿಸುವ ರೂಢಿ ಬಲಗೊಂಡಿದೆ. ಕತ್ತರಿಸುವಾಗ ಯುದ್ಧ, ಕುಣಿತ, ಕೊಲೆಯ ದೃಶ್ಯಗಳು ಉಳಿಯುತ್ತವೆ. ಸಾರಥಿಯ ವಿಚಾರಣೆ, ಕನಸಿನ ಪದ, ಶಕುನದ ಮಾತು, ಕಣಿ ಹೇಳುವ ಪ್ರಸಂಗಗಳು ಮೊದಲು ಹೋಗುತ್ತವೆ. ಆ ಬಳಿಕ ದೇವರು ದೆವ್ವಗಳು ಬಂದಾಗ ಪ್ರೇಕ್ಷಕರು ನಕ್ಕರೆ, ಕಾಲ ಕೆಟ್ಟಿತು, ಜನರಲ್ಲಿ ನಂಬಿಕೆ ಹೋಯಿತು ಎನ್ನಲಾಗುತ್ತದೆ. ಹೋದದ್ದು ಜನರ ನಂಬಿಕೆಯಲ್ಲ, ಆಟದ ಸಿದ್ಧತೆ.

ಪಠ್ಯ ಸಂಪಾದನೆಯಲ್ಲಿಯೂ ಇದೇ ತೊಡಕಿದೆ. ಕೈಬರಹದ ಪ್ರತಿಗಳನ್ನು ಅಚ್ಚಿಗೆ ಸಿದ್ಧಗೊಳಿಸುವಾಗ ಸಾರಥಿಯ ಸಂಭಾಷಣೆ, ಮರುಕಳಿಸುವ ಶಕುನದ ಪದಗಳನ್ನು ಪುನರುಕ್ತಿಯೆಂದು ಬಿಡುವ ಪ್ರವೃತ್ತಿ ಕಾಣುತ್ತದೆ. ಈ ಸಂಭಾಷಣೆಗಳು ಬಹುಮಟ್ಟಿಗೆ ಆಶುವಾಗಿ ಬರುವಂಥವು. ಪ್ರತಿಗಳಲ್ಲಿ ಬರೆದಿರುವುದೇ ಕಡಿಮೆ. ಬರೆದಷ್ಟನ್ನೂ ಕೈಬಿಟ್ಟರೆ ಮುಂದಿನ ಸಂಶೋಧಕರಿಗೆ ಅತಿಮಾನುಷ ದೃಶ್ಯಗಳು ಮಾತ್ರ ಉಳಿದು, ಜನಪದ ನಾಟಕಕಾರರು ಕಾರಣವಿಲ್ಲದೆ ಪವಾಡಗಳನ್ನು ತುರುಕಿದರೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಆದ್ದರಿಂದ ಆಟಗಳನ್ನು ದಾಖಲಿಸುವಾಗ ಸೂಚನೆ ಯಾವ ಹೊತ್ತಿಗೆ ಬಂತು, ಯಾರು ನುಡಿದರು, ಯಾರು ಅನುಮಾನಿಸಿದರು, ಎಷ್ಟು ಹೊತ್ತಿನ ಬಳಿಕ ಅದು ಫಲಿಸಿತು ಎಂಬುದನ್ನು ಗುರುತಿಸಿಕೊಳ್ಳುವುದು ಅವಶ್ಯ. ಭೀಮಾತೀರದ ಹಳ್ಳಿಗಳಲ್ಲಿ ಹಳೆಯ ಮಾಸ್ತರರು ಇನ್ನೂ ನೆನಪಿನಿಂದ ಹೇಳಬಲ್ಲಾಗಲೇ ಈ ಕಾರ್ಯ ನಡೆಯಬೇಕಾಗಿದೆ.

ಉಪಸಂಹಾರ

ಅತಿಮಾನುಷ ಸನ್ನಿವೇಶದ ನಂಬಲರ್ಹತೆ ಪ್ರೇಕ್ಷಕರ ಮುಗ್ಧತೆಯನ್ನಾಗಲಿ ಯಂತ್ರಕೌಶಲವನ್ನಾಗಲಿ ಅವಲಂಬಿಸಿಲ್ಲ. ಮೊದಲಾಡಿದ ಮಾತನ್ನು ಕೊನೆಯವರೆಗೆ ಉಳಿಸಿಕೊಳ್ಳುವ ನಾಟಕದ ಪ್ರಾಮಾಣಿಕತೆಯನ್ನು ಅದು ಅವಲಂಬಿಸಿದೆ. ಅಪ್ಸರೆಯರ ಸ್ವಯಂವರವೆಂಬ ಭಟರ ಬಣ್ಣನೆ, ಕಾಗೆಗಳನ್ನು ಕೊಂದ ಗೂಗಿ, ರಾಜಮಾತೆಯ ಕನಸು, ಸುಬಲನ ಎಲುಬು, ನಿತ್ತಿಲೆಯ ಪ್ರಶ್ನೆ ಇವೆಲ್ಲ ಬೇರೆ ಬೇರೆ ಕಾಲದೇಶಗಳ ಸಂಗತಿಗಳಾದರೂ ಒಂದೇ ಕೆಲಸ ಮಾಡುತ್ತವೆ. ದೊಡ್ಡಾಟದ ಅನಾಮಧೇಯ ಕವಿಗಳು ಶಾಸ್ತ್ರದ ಪರಿಭಾಷೆಯನ್ನು ಬಳಸದೆಯೇ ಈ ರಹಸ್ಯವನ್ನು ಬಲ್ಲವರಾಗಿದ್ದರು. ಅವರ ಆಟಗಳಲ್ಲಿ ಸಾವಿನ ಪದಕ್ಕೆ ಎಷ್ಟು ಬೆಲೆಯೋ, ಅದಕ್ಕೆ ಮೊದಲು ಬರುವ ಹಲ್ಲಿಯ ಲೊಚಗುಟ್ಟುವಿಕೆಗೂ ಅಷ್ಟೇ ಬೆಲೆ.